ಹೊಸ್ತಿಲಾಚೆ ಬಿಟ್ಟ ಚಪ್ಪಲಿ

ನಮ್ಮ ಕಡೆ ಒಂದು ಮನೆಯ ಮುಂದೆ ಹೋಗಿ ನಿಂತರೆ ಸಾಕು, ಒಳಗೆ ಯಾರು ಬಂದಿದ್ದಾರೆ ಎಂಬುದನ್ನು ಹೊರಗೆ ಬಿಟ್ಟ ಚಪ್ಪಲಿಗಳೇ ಹೇಳಿಬಿಡುತ್ತವೆ. ಸವೆದ ಹವಾಯಿ ಚಪ್ಪಲಿಯಿದ್ದರೆ ಪಕ್ಕದ ಮನೆಯಾಕೆ, ಧೂಳು ಮೆತ್ತಿದ ಗಟ್ಟಿ ಜೋಡು ಇದ್ದರೆ ಹಳ್ಳಿಯಿಂದ ಬಂದ ನೆಂಟರು, ಒಂದರ ಮೇಲೊಂದು ಬಿದ್ದ ಪುಟ್ಟ ಚಪ್ಪಲಿಗಳಿದ್ದರೆ ಮನೆಪಾಠದ ಮಕ್ಕಳು. ಬೀದರಿನಲ್ಲಿ ಸಂಸಾರ ಹೂಡಿದ ಇಷ್ಟು ವರ್ಷಗಳಲ್ಲಿ ಬಾಗಿಲು ಬಡಿಯುವ ಮೊದಲು ಒಮ್ಮೆ ಕೆಳಗೆ ನೋಡುವುದು ನನಗೆ ರೂಢಿಯಾಗಿಬಿಟ್ಟಿದೆ.

ಚಪ್ಪಲಿ ಹೊರಗೆ ಬಿಡಬೇಕೆಂದು ನಮಗೆ ಯಾರೂ ಪಾಠ ಮಾಡಿ ಕಲಿಸಲಿಲ್ಲ. ನೆಲದ ಮೇಲೆ ಕೂತು ಉಣ್ಣುವವರು ನಾವು. ಅಲ್ಲೇ ಕಾಳು ಆರಿಸುತ್ತೇವೆ, ಅಲ್ಲೇ ಕೂಸನ್ನು ಅಂಬೆಗಾಲಿಗೆ ಬಿಡುತ್ತೇವೆ. ಬೀದಿಯ ಹೊಲಸನ್ನು ಆ ನೆಲಕ್ಕೆ ತರಬಾರದೆಂಬುದು ಯಾರಿಗಾದರೂ ತಿಳಿಯುವ ಮಾತು. ಜಪಾನಿನ ಮನೆಗಳಲ್ಲಂತೂ ಬಾಗಿಲೊಳಗೆ ಇದಕ್ಕಾಗಿಯೇ ತುಸು ತಗ್ಗಿನ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಬೂಟು ಕಳಚಿ, ಹೋಗುವಾಗ ಸುಲಭವಾಗಲೆಂದು ಅದರ ಮೂತಿಯನ್ನು ಹೊರಗೆ ತಿರುಗಿಸಿಟ್ಟು ಮೇಲೆ ಹತ್ತುತ್ತಾರೆ. ಶುಚಿಯ ಮಾತಿನಲ್ಲಿ ತಕರಾರಿಲ್ಲ. ನನ್ನ ತಕರಾರು ಬೇರೆ. ಈ ನಿಯಮ ನಮ್ಮ ಮನೆಗಳಲ್ಲಿ ಎಲ್ಲರಿಗೂ ಒಂದೇ ಇದೆಯೇ?

ಕೆಲವು ವರ್ಷಗಳ ಹಿಂದೆ ನಮ್ಮ ಯಜಮಾನರ ಕಚೇರಿಯ ದೊಡ್ಡ ಸಾಹೇಬರೊಬ್ಬರು ಮನೆಗೆ ಬಂದರು. ಮಳೆಗಾಲ. ನಮ್ಮ ಬೀದರಿನ ಕೆಂಪು ಮಣ್ಣು ಹೇಗೆ ಹತ್ತುತ್ತದೆಂಬುದು ಇಲ್ಲಿಯವರಿಗೆ ಗೊತ್ತು. ಅವರು ಬೂಟಿನ ಲಾಡಿಗೆ ಕೈ ಹಾಕುವಷ್ಟರಲ್ಲಿ ನಾನೇ, "ಇರಲಿ ಬಿಡ್ರಿ ಸರ್, ಹಾಗೇ ಬರ್ರಿ" ಎಂದೆ. ಅವರು ಹಾಗೇ ಬಂದರು. ಅದೇ ವಾರ ನಳ ದುರಸ್ತಿಗೆ ಒಬ್ಬ ಹುಡುಗ ಬಂದ. ಅವನು ಚಪ್ಪಲಿ ಬಿಡುತ್ತಲೇ ಇದ್ದ; ಆದರೂ ನಾನು ಒಳಗಿನಿಂದಲೇ, "ಏ ತಮ್ಮಾ, ಚಪ್ಪಲಿ ಅಲ್ಲೇ ಬಿಡಪ್ಪಾ" ಎಂದು ಕೂಗಿದೆ. ಓದುತ್ತ ಕೂತಿದ್ದ ಮಗಳು ತಲೆಯೆತ್ತಿ ಕೇಳಿದಳು: "ಅವ್ವಾ, ಸಾಹೇಬರ ಬೂಟಿಗೆ ಮಣ್ಣು ಹತ್ತೂದಿಲ್ಲೇನು?" ತರಗತಿಯಲ್ಲಿ ನೂರು ಪ್ರಶ್ನೆಗೆ ಉತ್ತರ ಹೇಳುವ ನನಗೆ ಆ ಒಂದಕ್ಕೆ ಉತ್ತರ ಸಿಗಲಿಲ್ಲ.

ಸಿಗಲಿಲ್ಲವೆಂಬುದೂ ಸುಳ್ಳೇ. ಉತ್ತರ ನನಗೆ 1995ರಿಂದಲೇ ಗೊತ್ತಿತ್ತು.

ಆಗ ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ಮೊದಲ ನೌಕರಿ. ಜೂನ್ ತಿಂಗಳಲ್ಲಿ ಶಾಲೆಗೆ ಮಕ್ಕಳನ್ನು ಸೇರಿಸಲು ಮನೆಮನೆಗೆ ಹೋಗಬೇಕು. ಅಲ್ಲಿಯದು ಎರೆಮಣ್ಣು, ನಾಲ್ಕು ಹನಿ ಮಳೆ ಬಿದ್ದರೆ ಚಪ್ಪಲಿ ಒಂದೊಂದು ಸೇರು ತೂಗುತ್ತದೆ. ಊರೊಳಗಿನ ಮನೆಗಳಲ್ಲಿ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಅವರು ಕೊಟ್ಟ ನೀರಿನಲ್ಲಿ ಕಾಲು ತೊಳೆದು ಪಡಸಾಲೆಯಲ್ಲಿ ಕೂತು ಚಹಾ ಕುಡಿದೆ. ಕೊನೆಗೆ ಊರ ಹೊರಗಿನ ದಲಿತ ಕೇರಿಗೆ ಹೋದೆ. ಎಂಟು ವರ್ಷದ ಒಬ್ಬ ಹುಡುಗಿ ಇನ್ನೂ ಶಾಲೆಯ ಮುಖ ನೋಡಿರಲಿಲ್ಲ. ಅವರದು ಒಂದೇ ಕೋಣೆಯ ಮನೆ. ಆಗತಾನೆ ಸಗಣಿಯಿಂದ ಸಾರಿಸಿದ ನೆಲ, ಮೂಲೆಯಲ್ಲಿ ಫಳಫಳ ತಿಕ್ಕಿಟ್ಟ ಕೊಡ. ನಾನು ಬಾಗಿಲಲ್ಲಿ ಅನುಮಾನಿಸುತ್ತ ನಿಂತದ್ದನ್ನು ಕಂಡು ಹುಡುಗಿಯ ತಾಯಿ, "ಇರ್ಲಿ ಬಿಡ್ರಿ ಅಕ್ಕೋರೆ, ಹಂಗೇ ಬರ್ರಿ" ಎಂದರು. ನಾನು ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಹೋದೆ.

ಹೆಸರು ಬರೆದುಕೊಂಡೆ. ನೀರು ಕೊಡಲೇ ಎಂದು ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಗೆ ಬಂದು ಹತ್ತು ಹೆಜ್ಜೆ ಹಾಕಿ ತಿರುಗಿ ನೋಡಿದರೆ, ಆ ಹುಡುಗಿ ಮಂಡಿಯೂರಿ ನನ್ನ ಚಪ್ಪಲಿಯ ಗುರುತುಗಳನ್ನು ಅರಿವೆಯಿಂದ ಒರೆಸುತ್ತಿದ್ದಳು.

ಮೇಲ್ಜಾತಿಯ ಮನೆಯಲ್ಲಿ ಹುಟ್ಟಿದವಳು ನಾನು. ಜಾತಿ ಕೆಟ್ಟದ್ದೆಂದು ಪುಸ್ತಕದಲ್ಲಿ ಓದಿದ್ದೆ, ಮಕ್ಕಳಿಗೂ ಹೇಳುತ್ತಿದ್ದೆ. ಆದರೆ ನನ್ನ ಬರಿಗಾಲು ಆ ನೆಲವನ್ನು ಮುಟ್ಟಲು ಹಿಂಜರಿದಿತ್ತು. ಆಕೆ ಸೌಜನ್ಯಕ್ಕೆಂದು ಆಡಿದ ಮಾತನ್ನು ನಾನು ನೆಪವಾಗಿ ಹಿಡಿದುಕೊಂಡೆ. ನಮ್ಮ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಹೊರಗೊಂದು ಒಳಗೊಂದು ಎಂಬುದು ಅಲ್ಲಿ ಧೈರ್ಯವಾಗಿತ್ತು. ನನ್ನದೂ ಹೊರಗೊಂದು ಒಳಗೊಂದೇ, ಆದರೆ ಅದು ಧೈರ್ಯದ್ದಲ್ಲ.

ಚಪ್ಪಲಿಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ದೊಡ್ಡ ಕಥೆಯೇ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಸಮಗಾರ ಹರಳಯ್ಯ ಬಸವಣ್ಣನವರಿಗೆ ಶರಣು ಎಂದರಂತೆ. ಅವರು ತಿರುಗಿ ಶರಣು ಶರಣಾರ್ಥಿ ಎಂದರಂತೆ. ಒಂದಕ್ಕೆ ಎರಡು ಸಿಕ್ಕ ಭಾರ ತಾಳಲಾರದೆ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದರೆ, ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರಂತೆ. ಈ ಕಥೆಯನ್ನು ನಾವು ಕಣ್ಣೀರಿಟ್ಟು ಕೇಳುತ್ತೇವೆ. ಆದರೆ ಚಪ್ಪಲಿ ಹೊಲಿದುಕೊಟ್ಟವರೇ ಮೇಲಿನವರ ಓಣಿ ಬಂದಾಗ ಅದನ್ನು ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕೆಂಬ ಕಟ್ಟಳೆ ನಮ್ಮ ದೇಶದ ಎಷ್ಟೋ ಹಳ್ಳಿಗಳಲ್ಲಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಮನಸ್ಸಿನ ಹೊಸ್ತಿಲನ್ನು ತೊಡೆಯುವುದು ಕಾನೂನಿಗೆ ಬಿಟ್ಟ ಕೆಲಸವಲ್ಲ, ಅದು ನನ್ನ ನಿಮ್ಮ ಕೆಲಸ.

ಮರ್ಯಾದೆಯೆಂದರೆ ಚಪ್ಪಲಿ ಕಳಚುವುದಷ್ಟೇ ಅಲ್ಲ ಎಂದು ನನಗೆ ತೋರಿದ್ದು ನಮ್ಮೂರಿನ ನಾನಕ್ ಝಿರಾ ಗುರುದ್ವಾರದಲ್ಲಿ. ಅಲ್ಲಿ ಬಂದವರ ಜೋಡುಗಳನ್ನು ಕೈಯಾರೆ ತೆಗೆದುಕೊಂಡು ಇಡುವುದು ಒಂದು ಸೇವೆ. ಉಳ್ಳವರೂ ಅದಕ್ಕೆ ನಿಲ್ಲುತ್ತಾರೆ. ಹಾಗೆ ಮೊದಲ ಸಲ ನನ್ನ ಹಳೆಯ ಚಪ್ಪಲಿಯನ್ನು ಹಿರಿಯರೊಬ್ಬರು ಎರಡೂ ಕೈಯಿಂದ ಎತ್ತಿಕೊಂಡಾಗ ಭೂಮಿಗಿಳಿದುಹೋದಂತಾಯಿತು. ಅವರ ಮುಖದಲ್ಲಿ ಮಾತ್ರ ಮುಜುಗರವೇನೂ ಇರಲಿಲ್ಲ.

ಈಗ ನಮ್ಮ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇನೆ. ಬಾಗಿಲ ಪಕ್ಕ ಒಂದು ಕುರ್ಚಿ, ಎರಡು ಜೊತೆ ತೊಳೆದ ಒಳಚಪ್ಪಲಿ. ಸಕ್ಕರೆ ಕಾಯಿಲೆಯವರಿಗೆ ಬರಿಗಾಲಲ್ಲಿ ನಡೆಯಬೇಡಿರೆಂದು ಡಾಕ್ಟರು ಹೇಳಿರುತ್ತಾರೆ. ಒಡೆದ ಹಿಮ್ಮಡಿ ತೋರಿಸಲು ನಾಚುವ ಹೆಂಗಸರೂ ಇರುತ್ತಾರೆ. ಸಾಹೇಬರು ಬರಲಿ, ನಳದ ಹುಡುಗ ಬರಲಿ, ಮಾತು ಒಂದೇ: "ಇಲ್ಲಿ ಕೂತು ಚಪ್ಪಲಿ ಬಿಡ್ರಿ, ಬೇಕಾದರೆ ಇವನ್ನು ಹಾಕ್ಕೋರಿ." ಮಗಳು ನಗುತ್ತಾಳೆ. ನಗಲಿ.

ಔರಾದಿನ ಆ ಹುಡುಗಿ ಈಗ ಭಾಲ್ಕಿಯಲ್ಲಿ ನರ್ಸು. ಮೊನ್ನೆ ಮೇ ತಿಂಗಳಲ್ಲಿ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆದಳು. ಬಾಗಿಲಲ್ಲಿ ಅವಳ ತಾಯಿ ನಿಂತಿದ್ದರು, ಬೆನ್ನು ಬಾಗಿತ್ತು. ನನ್ನ ಮಂಡಿನೋವು ಕಂಡು ಅಂದೇ ಮಾತು: "ಇರ್ಲಿ ಬಿಡ್ರಿ ಅಕ್ಕೋರೆ, ಹಂಗೇ ಬರ್ರಿ." ನಾನು ಮೆಟ್ಟಿಲ ಮೇಲೆ ಕೂತು ಪಟ್ಟಿ ಬಿಚ್ಚಿದೆ. ಅವರು ತೋಳು ಕೊಟ್ಟು ಎಬ್ಬಿಸಿದರು, ಕಾಲಿಗೆ ನೀರು ಕೊಟ್ಟರು. ತಣ್ಣನೆಯ ನೆಲದ ಮೇಲೆ ಎಲ್ಲರ ಜೊತೆ ಕೂತು ಹೋಳಿಗೆ ಉಂಡೆ.

1995ರ ಮಾತು ಬಾಯಿಗೆ ಬಂದಿತ್ತು, ಆಡಲಿಲ್ಲ. ಹಬ್ಬದ ದಿನ ಅವರ ಹಳೆಯ ಗಾಯ ಕೆದಕಿ ನನ್ನ ಭಾರ ಇಳಿಸಿಕೊಳ್ಳುವುದು ಕ್ಷಮೆ ಕೇಳಿದಂತಾಗುತ್ತದೆಯೇ? ಅಥವಾ ಇದೂ ನನ್ನ ಇನ್ನೊಂದು ನೆಪವೇ? ಇಂದಿಗೂ ತೀರ್ಮಾನವಾಗಿಲ್ಲ.

ಹೊರಡುವಾಗ ನೋಡಿದರೆ ನಾನು ಬಿಟ್ಟಲ್ಲಿ ಚಪ್ಪಲಿ ಇರಲಿಲ್ಲ. ಬಿಸಿಲಿಗೆ ಕಾದು ನನ್ನ ಕಾಲು ಸುಟ್ಟಾವೆಂದು ಆ ತಾಯಿ ಅವನ್ನು ಎತ್ತಿ ಗೋಡೆಯ ನೆರಳಿಗೆ ಇಟ್ಟಿದ್ದರು. ಮೆಟ್ಟಿಕೊಂಡಾಗ ತಣ್ಣಗಿದ್ದವು.