ಚೆರಿಯ ಔಟ್‌ಟರ್ನ್, ಲ್ಯಾಪ್‌ಟಾಪಿನ ಬೆಲೆ

ಕೊಡಗಿನಲ್ಲಿ ಕಾಫಿ ಚೆರಿಯನ್ನು ಬರೀ ಚೀಲದ ತೂಕ ನೋಡಿ ಕೊಳ್ಳುವುದಿಲ್ಲ. 50 ಕಿಲೋ ಚೀಲದಿಂದ ಸ್ವಲ್ಪ ಮಾದರಿ ತೆಗೆದು, ತೇವಾಂಶ ನೋಡಿ, ಸಿಪ್ಪೆ ಬಿಡಿಸಿ, ಒಳಗಿನ ಬೀಜ ಎಷ್ಟು ಬರುತ್ತದೆಂದು ತೂಗುತ್ತಾರೆ. ಇದಕ್ಕೆ ಔಟ್‌ಟರ್ನ್ ಎಂದು ಹೆಸರು. 26 ಬಂದರೆ ಒಂದು ಬೆಲೆ, 28 ಬಂದರೆ ಇನ್ನೊಂದು. ಕರಿಮೆಣಸಿಗಾದರೆ ಲೀಟರ್ ತೂಕ. ಒಂದು ಲೀಟರ್ ಪಾತ್ರೆಯಲ್ಲಿ ತುಂಬಿದ ಕಾಳು ಎಷ್ಟು ಗ್ರಾಂ ತೂಗುತ್ತದೆ ಎಂಬುದರಿಂದ ಗಟ್ಟಿ ಎಷ್ಟು, ಜೊಳ್ಳು ಎಷ್ಟು ಎಂದು ತಿಳಿಯುತ್ತದೆ. ವಿರಾಜಪೇಟೆ, ನಾಪೋಕ್ಲು, ಸೋಮವಾರಪೇಟೆಗಳಲ್ಲಿ ಈ ವ್ಯಾಪಾರ ಮಾಡಿಕೊಂಡು ಬಂದವರಲ್ಲಿ ನಮ್ಮ ಸಮುದಾಯದವರೂ ಇದ್ದಾರೆ. ಇದರಲ್ಲಿ ಮೋಸವೇ ಇಲ್ಲವೆಂದಲ್ಲ. ಆದರೆ ಮೋಸ ಎಲ್ಲಿ ನಡೆಯಬಹುದು ಎಂಬುದು ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು.

ಕಾಳನ್ನು ಬೆರಳಲ್ಲಿ ಒತ್ತಿ ಬೆಲೆ ಹೇಳಬಲ್ಲ ಇದೇ ಜನ ಮಗಳ ಕಾಲೇಜಿಗೆಂದು ಲ್ಯಾಪ್‌ಟಾಪ್ ಕೊಳ್ಳಲು ಅಂಗಡಿಗೆ ಹೋದರೆ ಮಾತೇ ಹೊರಡುವುದಿಲ್ಲ. ಪೆಟ್ಟಿಗೆಯ ಮೇಲೆ ಒಂದಿಷ್ಟು ಅಂಕಿಗಳಿರುತ್ತವೆ. ರ‍್ಯಾಮ್ ಇಷ್ಟು, ಪ್ರೊಸೆಸರ್ ಅಷ್ಟನೆಯ ತಲೆಮಾರಿನದು ಎಂದು ಅಂಗಡಿಯ ಹುಡುಗ ಹೇಳುತ್ತಾನೆ. ಒಂದು 38 ಸಾವಿರ, ಪಕ್ಕದ್ದು 62 ಸಾವಿರ. ಹೊರಗಿನಿಂದ ಎರಡೂ ಒಂದೇ. "ಈ ಬೆಲೆಗೆ ಇದು ತಕ್ಕದ್ದೋ?" ಎಂದು ಅವರು ಯಾರನ್ನು ಕೇಳಬೇಕು? ಕೇಳಬೇಕಾದದ್ದು ಮಾರುವವನನ್ನೇ.

ಈ ಪ್ರಶ್ನೆಯನ್ನು ತಂತ್ರಜ್ಞಾನದ ಪ್ರಶ್ನೆಯೆಂದು ಪಕ್ಕಕ್ಕಿಡುವುದು ಸುಲಭ. ನಮಗೆ ಹಾಗನ್ನಿಸುವುದಿಲ್ಲ. ಬೆಲೆ ಎಂದರೇನು, ಯೋಗ್ಯತೆ ಎಂದರೇನು, ಇವೆರಡೂ ಒಂದೇನಾ ಎಂಬುದು ಹಳೆಯ ನೈತಿಕ ಪ್ರಶ್ನೆ. ಪೇಟೆ ನಿರ್ಧರಿಸಿದ್ದೇ ಯೋಗ್ಯತೆ ಎಂದು ಜಾಗತೀಕರಣದ ಪಂಡಿತರು ಹೇಳಿಕೊಟ್ಟಿದ್ದಾರೆ. ಈ ಪಾಠವನ್ನು ಕೊಡಗಿನ ಬೆಳೆಗಾರನಂತೂ ನಂಬಲಾರ. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ 1996ರಲ್ಲಿ ಪೂರ್ತಿ ಕೊನೆಗೊಂಡ ಮೇಲೆ ತನ್ನ ಫಸಲನ್ನು ತಾನೇ ಮಾರುವ ಸ್ವಾತಂತ್ರ್ಯ ಅವನಿಗೆ ಬಂತು. ಆದರೆ ಬೆಲೆ ಕಟ್ಟುವ ಕೈ ಲಂಡನ್ನಿನಲ್ಲೇ ಉಳಿಯಿತು. 2001ರ ಕೊನೆಗೆ ಅಲ್ಲಿ ಒಂದು ಟನ್ ರೊಬಸ್ಟಾ 500 ಡಾಲರಿಗೂ ಕೆಳಗಿಳಿದಿತ್ತು. 2025ರ ಆರಂಭದಲ್ಲಿ 5,000 ಡಾಲರ್ ದಾಟಿತು. ಗಿಡ ಅದೇ, ಮಳೆ ಅದೇ, ಗಿಡದ ಬುಡದಲ್ಲಿ ಬಗ್ಗಿ ದುಡಿಯುವ ಬೆನ್ನೂ ಅದೇ. ಆ ಬೀಜದ ಯೋಗ್ಯತೆ ನಿಜಕ್ಕೂ ಹತ್ತು ಪಟ್ಟು ಏರಿತೇ? ತಾನು ಬೆಳೆದದ್ದಕ್ಕೆ ಬೆಲೆ ಹೇಳಲಾಗದವನು ತಾನು ಕೊಳ್ಳುವುದಕ್ಕೂ ಬೆಲೆ ಹೇಳಲಾರ. ಎರಡೂ ತುದಿಯಲ್ಲಿ ಅವನು ಇನ್ನೊಬ್ಬರ ಮಾತು ಕೇಳುವವನೇ.

ಮದೀನಾದಲ್ಲಿ ಸಾಮಾನುಗಳ ಬೆಲೆ ಏರಿದಾಗ ಜನರು ಪ್ರವಾದಿ ಮುಹಮ್ಮದ್ (ಸ)ರ ಬಳಿ ಬಂದು ದರ ನಿಗದಿ ಮಾಡಿರೆಂದು ಕೇಳಿದರು. ಪ್ರವಾದಿಯವರು ಒಪ್ಪಲಿಲ್ಲ. ಯಾರ ಮೇಲೂ ಅನ್ಯಾಯ ಮಾಡಿದ ಹೊರೆ ಹೊತ್ತು ಅಲ್ಲಾಹನ ಮುಂದೆ ನಿಲ್ಲಲು ತಾನು ಬಯಸುವುದಿಲ್ಲವೆಂದರು. ಇದನ್ನು ಮುಕ್ತ ಮಾರುಕಟ್ಟೆಯ ಸಮರ್ಥನೆಗೆ ಬಳಸುವವರಿದ್ದಾರೆ. ಅವರು ಇನ್ನೊಂದು ಘಟನೆಯನ್ನೂ ನೆನಪಿಸಿಕೊಳ್ಳಬೇಕು. ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಪ್ರವಾದಿಯವರು ಕೈ ಹಾಕಿದಾಗ ಬೆರಳಿಗೆ ಒದ್ದೆ ಹತ್ತಿತು. ಮಳೆಗೆ ನೆನೆಯಿತೆಂದು ಮಾಲೀಕ ಹೇಳಿದ. ಹಾಗಾದರೆ ಒದ್ದೆಯನ್ನು ಜನ ನೋಡುವಂತೆ ಮೇಲಿಡಬಾರದಿತ್ತೇ ಎಂದು ಕೇಳಿದ ಪ್ರವಾದಿಯವರು ವಂಚಿಸುವವನನ್ನು ತಮ್ಮವನೆಂದು ಒಪ್ಪಲಿಲ್ಲ. ಬೆಲೆಯ ಅಂಕಿಯ ಗೊಡವೆಗೆ ಹೋಗದ ಕೈ ರಾಶಿಯ ಒಳಕ್ಕೆ ಹೋಯಿತು ಎಂಬುದನ್ನು ಗಮನಿಸಬೇಕು. ನಮ್ಮ ಧರ್ಮಶಾಸ್ತ್ರಜ್ಞರು ಅಡಗಿದ ದೋಷವಿದ್ದರೆ ಸರಕನ್ನು ಹಿಂದಿರುಗಿಸುವ ಹಕ್ಕನ್ನು ಕೊಳ್ಳುವವನಿಗೆ ಕೊಟ್ಟದ್ದೂ, ತಿಳಿಯದವನ ಅಜ್ಞಾನವನ್ನು ಬಳಸಿ ವಿಪರೀತ ಬೆಲೆ ವಸೂಲು ಮಾಡುವುದನ್ನು ಗಬ್ನ್ ಎಂದು ಹೆಸರಿಸಿ ಚರ್ಚಿಸಿದ್ದೂ ಇದೇ ದಾರಿಯಲ್ಲಿ. ನಮ್ಮ ಮದ್ರಸಗಳ ಮಕ್ಕಳು ನಮಾಝಿನ ನಿಯಮಗಳನ್ನು ಬಾಯಿಪಾಠ ಮಾಡುತ್ತಾರೆ, ಸಂತೋಷ. ಕ್ರಯ-ವಿಕ್ರಯದ ಅಧ್ಯಾಯವನ್ನೂ ಅಷ್ಟೇ ಆಸ್ಥೆಯಿಂದ ಕಲಿಸಿದ್ದರೆ ಚೆನ್ನಾಗಿತ್ತು.

ಹಾಗಾದರೆ ಲ್ಯಾಪ್‌ಟಾಪಿನ ರಾಶಿಯೊಳಗೆ ಕೈ ಹಾಕುವುದು ಹೇಗೆ? ಮೊದಲ ಒದ್ದೆ ಬೆಲೆಯಲ್ಲೇ ಇದೆ. "ಬಡ್ಡಿಯಿಲ್ಲದ ಕಂತು" ಎಂಬ ಫಲಕ ನೋಡಿ ಬಡ್ಡಿಗೆ ಹೆದರುವ ನಮ್ಮವರು ನೆಮ್ಮದಿಯಿಂದ ಒಳಗೆ ಹೋಗುತ್ತಾರೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಸಂಸ್ಕರಣಾ ಶುಲ್ಕದಂತಹ ಬೇರೆ ಹೆಸರಿನಲ್ಲಿ ಮರೆಮಾಚಲಾಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತ್ತು. ನಗದು ಕೊಟ್ಟರೆ ಎಷ್ಟು ಕಡಿಮೆಗೆ ಕೊಡುತ್ತೀರಿ ಎಂದು ಕೇಳಿದರೆ ಸಾಕು, ಮರೆಮಾಚಿದ್ದು ಹೊರಬರುತ್ತದೆ. ಸಾಲಕ್ಕೆ ಮಾರುವಾಗ ವ್ಯಾಪಾರಿ ತಾನೇ ಹೆಚ್ಚು ಬೆಲೆ ಹೇಳಿ, ಒಂದೇ ದರಕ್ಕೆ ಮಾತು ಮುಗಿಸುವುದನ್ನು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ನಡುವೆ ಹಣಕಾಸು ಕಂಪೆನಿ ಬಂದು, ತಡವಾದರೆ ದಂಡ ಹಾಕಿ, ಅದನ್ನೆಲ್ಲ 'ಉಚಿತ'ವೆಂದು ಕರೆಯುವ ವ್ಯವಹಾರ ಬೇರೆಯೇ.

ಎರಡನೆಯದು ಆಯುಷ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಬಟ್ಟೆ ಒಣಗುವುದಿಲ್ಲ, ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಮರ ಬಿದ್ದು ತಂತಿ ಹರಿದರೆ ತೋಟದ ಮನೆಗಳಿಗೆ ದಿನಗಟ್ಟಲೆ ಕರೆಂಟಿಲ್ಲ. ಇಲ್ಲಿ ಲ್ಯಾಪ್‌ಟಾಪಿನ ಔಟ್‌ಟರ್ನ್ ಬ್ಯಾಟರಿಯಲ್ಲಿದೆ, ಪ್ರೊಸೆಸರಿನ ವೇಗ ಆಮೇಲಿನ ಮಾತು. ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಎಂಬುದೂ ಬೆಲೆಯ ಭಾಗವೇ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಬಸ್ಸಿನ ಖರ್ಚು, ಕಳೆದ ಒಂದು ದಿನದ ಕೂಲಿ, ಮತ್ತೆ ತರಲು ಇನ್ನೊಂದು ದಿನ. ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುವ ತೆಳ್ಳನೆಯ ಯಂತ್ರ ನೋಡಲು ಚೆಂದ. ನಾಲ್ಕು ವರ್ಷದ ನಂತರ ಅದನ್ನು ಹಿಗ್ಗಿಸಲಾಗದು. ಯಂತ್ರ ಗಟ್ಟಿಯಾಗಿದ್ದರೂ ತಯಾರಕರು ಕೈಬಿಡಬಹುದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಉಚಿತ ಬೆಂಬಲ ನಿಲ್ಲಿಸಿದಾಗ ಹೊಸ ಆವೃತ್ತಿಗೆ ಹೊಂದದ, ಚೆನ್ನಾಗಿಯೇ ನಡೆಯುತ್ತಿದ್ದ ಕಂಪ್ಯೂಟರುಗಳು ಒಮ್ಮೆಲೇ ಮುದಿಯಾದವು. ಕೊಂಡ ದಿನ ಇದನ್ನು ಯಾರೂ ರಾಶಿಯ ಮೇಲಿಟ್ಟು ತೋರಿಸಿರಲಿಲ್ಲ.

ಇಷ್ಟು ಹೇಳಿದ ಮೇಲೆ ಅಗ್ಗವೇ ಒಳ್ಳೆಯದೆಂಬ ಮಾತಿಗೂ ನಾವು ತಲೆಯಾಡಿಸಲಾರೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸೇರಿ ರೂಪಿಸಿದ ಸಿಂಪ್ಯೂಟರ್ 2004ರಲ್ಲಿ ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಮಾರಾಟಕ್ಕೆ ಬಂತು; ಬಡವರ ಕಂಪ್ಯೂಟರ್ ಎಂದು ಜಗತ್ತೇ ಹೊಗಳಿತು, ಆದರೆ ಬಡವರ ಮನೆ ತಲುಪಲಿಲ್ಲ. 2005ರಲ್ಲಿ ನೆಗ್ರೋಪಾಂಟೆ ಟ್ಯುನಿಸ್‌ನಲ್ಲಿ ತೋರಿಸಿದ ನೂರು ಡಾಲರಿನ ಲ್ಯಾಪ್‌ಟಾಪ್ ತಯಾರಾಗಿ ಬರುವಾಗ ಇನ್ನೂರರ ಹತ್ತಿರವಾಗಿತ್ತು. ಅಗ್ಗದ ಬೆಲೆಯನ್ನು ಬೇರೆ ಯಾರೋ ತೆತ್ತಿರುವುದೂ ಉಂಟು. ಬ್ಯಾಟರಿಯ ಕೋಬಾಲ್ಟಿಗಾಗಿ ಕಾಂಗೋದಲ್ಲಿ ಮಕ್ಕಳು ಮಣ್ಣು ಅಗೆಯುವುದನ್ನು ಆಮ್ನೆಸ್ಟಿ ಸಂಸ್ಥೆ 2016ರಲ್ಲಿ ವರದಿ ಮಾಡಿತು. ಮನುಷ್ಯನ ದುಡಿಮೆಯೇ ಗಳಿಕೆಯ ಮೂಲವೆಂದು ಹದಿನಾಲ್ಕನೆಯ ಶತಮಾನದಲ್ಲೇ ಬರೆದ ಇಬ್ನ್ ಖಲ್ದೂನ್ ಇದನ್ನು ಯಾವ ಲೆಕ್ಕಕ್ಕೆ ಹಾಕುತ್ತಿದ್ದರೋ.

ದುಡಿಮೆಯ ಲೆಕ್ಕವೇ ನಮಗೆ ಹೆಚ್ಚು ನಂಬಿಕೆಯದು. ತೋಟದ ಲೈನ್‌ಮನೆಯ ತಾಯಿಗೆ ದಿನಕ್ಕೆ 400 ರೂಪಾಯಿ ಸಿಗುತ್ತದೆಂದಿಟ್ಟುಕೊಳ್ಳೋಣ. 40 ಸಾವಿರದ ಲ್ಯಾಪ್‌ಟಾಪ್ ಅವಳ ನೂರು ದಿನ. ಅದೂ ಊಟ, ಔಷಧಿ ಯಾವುದಕ್ಕೂ ಒಂದು ಪೈಸೆ ಮುಟ್ಟದಿದ್ದರೆ. ಅದೇ ಯಂತ್ರ ಬೆಂಗಳೂರಿನ ಇಂಜಿನಿಯರನಿಗೆ ಹತ್ತು ಹದಿನೈದು ದಿನದ ಸಂಬಳ. ಪೆಟ್ಟಿಗೆಯ ಮೇಲೆ ಅಚ್ಚಾದ ಬೆಲೆ ಇಬ್ಬರಿಗೂ ಒಂದೇ, ತೆರುವ ಬೆಲೆ ಒಂದೇ ಅಲ್ಲ. ಹಾಗೆಂದು ಅವಳು ಕೊಳ್ಳಬಾರದೇ? 2020-21ರಲ್ಲಿ ಶಾಲೆಗಳು ಮುಚ್ಚಿದಾಗ ಕೊಡಗಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಮುಳ್ಳೂರಿನ ಸರಕಾರಿ ಶಾಲೆಯ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣಿಗೆ ಕಟ್ಟಿ ಅಲ್ಲಿಂದ ಪಾಠ ಹೇಳಿದರು. ಆ ದಿನಗಳಲ್ಲಿ ಯಂತ್ರವಿಲ್ಲದ ಮನೆಯ ಹುಡುಗಿಗೆ ಓದೇ ತಪ್ಪಿತು. ಅವಳ ಪದವಿಗೆ, ಅವಳ ಮೊದಲ ನೌಕರಿಗೆ ದಾರಿಯಾಗುವುದಾದರೆ ನೂರು ದಿನ ದುಬಾರಿಯಲ್ಲ. ಮದುವೆ ಮಂಟಪಕ್ಕೆ ಒಂದೇ ರಾತ್ರಿಯಲ್ಲಿ ಅದಕ್ಕೂ ಹೆಚ್ಚು ಸುರಿಯುವ ನಾವು ಈ ಮಾತಿಗೆ ಹುಬ್ಬೇರಿಸಬಾರದು. ಸಿನಿಮಾ ನೋಡಲು ಮಾತ್ರ ತೆರೆಯುವುದಾದರೆ ಹತ್ತು ದಿನವೂ ದಂಡ.

ಅಂದರೆ ಯೋಗ್ಯತೆಯ ಒಂದು ಪಾಲು ಕೊಂಡ ಮೇಲೆ ಹುಟ್ಟುತ್ತದೆ. ಅಂಗಡಿಯವನು ಆ ಪಾಲನ್ನು ಮಾರಲಾರ. ಆದರೆ ಉಳಿದ ಪಾಲಿಗೆ ಅವನು ಹೊಣೆ. ಬಿಲ್ ಕೊಡದೆ, "ವಾರಂಟಿ ಇದೆ ಹೋಗಿ" ಎಂದು ಕಳಿಸುವುದು ಒದ್ದೆ ಧಾನ್ಯದ ವ್ಯಾಪಾರವೇ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ಕೊಂಡವನು ತಾನಿರುವ ಜಿಲ್ಲೆಯ ಆಯೋಗಕ್ಕೇ ದೂರು ಕೊಡಬಹುದು, ಕಂಪೆನಿ ಎಲ್ಲೇ ಇರಲಿ. ಅದಕ್ಕೂ ಬಿಲ್ ಬೇಕು.

ಕೊರೋನಾ ಕಾಲದಲ್ಲಿ ಕೊಂಡ ಎಷ್ಟು ಲ್ಯಾಪ್‌ಟಾಪುಗಳು ಇಂದು ನಮ್ಮ ಮನೆಗಳ ಕಪಾಟುಗಳಲ್ಲಿ ಬೂಷ್ಟು ಹಿಡಿಯುತ್ತಿವೆಯೋ. ಹೊಸ ಬ್ಯಾಟರಿ ಹಾಕಿಸಿ, ಉಚಿತವಾಗಿ ಸಿಗುವ ಲಿನಕ್ಸ್ ತುಂಬಿಸಿದರೆ ಪದವಿ ಓದುವ ಮಕ್ಕಳಿಗೆ ಅವು ಧಾರಾಳ ಸಾಕು. ಮೊಹಲ್ಲಾದ ಜಮಾಅತ್ ಆಗಲಿ, ತೋಟದ ಪಕ್ಕದ ಯುವಕ ಸಂಘವಾಗಲಿ ಅವನ್ನು ಕೇಳಿ ಪಡೆದು, ಗ್ರಂಥಾಲಯದ ಪುಸ್ತಕದಂತೆ ಹೆಸರು ಬರೆದುಕೊಂಡು, ಓದು ಮುಗಿಯುವ ತನಕ ಲೈನ್‌ಮನೆಯ ಮಕ್ಕಳಿಗೂ ಕೊಡಬಹುದು.