ಬಾರದವರ ಲೆಕ್ಕ

2023ರ ಜೂನ್ 13ರ ನಸುಕಿನಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ಒಬ್ಬ ಯುವಕ ಮೂವರನ್ನು ಇರಿದು ಕೊಂದ; ಇನ್ನು ಮೂವರ ಮೇಲೆ ವ್ಯಾನ್ ಹರಿಸಿದ. ಸತ್ತವರಲ್ಲಿ ಇಬ್ಬರು ಹತ್ತೊಂಬತ್ತು ವರ್ಷದ ವಿದ್ಯಾರ್ಥಿಗಳು. ಕೊಂದವನಿಗೆ ಸ್ಕಿಜೋಫ್ರೇನಿಯಾ ಇದ್ದದ್ದು ವೈದ್ಯರಿಗೆ ಹೊಸ ಸಂಗತಿಯೇನಲ್ಲ. 2020ರಿಂದೀಚೆಗೆ ನಾಲ್ಕು ಸಲ ಅವನನ್ನು ಕಾನೂನಿನ ಬಲದಿಂದ ಆಸ್ಪತ್ರೆಗೆ ಸೇರಿಸಿದ್ದರು. ಹೊರಗೆ ಬಂದ ಮೇಲೆ ಅವನು ಔಷಧಿ ಬಿಡುತ್ತಿದ್ದ, ಭೇಟಿ ತಪ್ಪಿಸುತ್ತಿದ್ದ. ಮನೆಯವರು ತಮ್ಮ ಆತಂಕ ಹೇಳಿಕೊಂಡಿದ್ದರು. 2022ರ ಸೆಪ್ಟೆಂಬರಿನಲ್ಲಿ ಸಮುದಾಯ ಮಾನಸಿಕ ಆರೋಗ್ಯ ತಂಡ ಅವನನ್ನು ತನ್ನ ಪಟ್ಟಿಯಿಂದ ತೆಗೆದು ಸಾಮಾನ್ಯ ವೈದ್ಯರ ಪಾಲಿಗೆ ಬಿಟ್ಟಿತು. ಕೊಟ್ಟ ಕಾರಣ ಇಷ್ಟೇ: ಅವನು ನಮ್ಮ ಕೈಗೆ ಸಿಗುತ್ತಿಲ್ಲ.

ಈ ಕಾರಣ ನನ್ನನ್ನು ಬಹಳ ಕಾಡಿದೆ. ಎದೆನೋವು ಬಂದವನು ಎದೆ ಹಿಡಿದುಕೊಂಡು ತಾನೇ ಓಡಿ ಬರುತ್ತಾನೆ. ಈ ಕಾಯಿಲೆ ಹಾಗಲ್ಲ. ‘ನನಗೇನೂ ಆಗಿಲ್ಲ, ನಿಮಗೇ ಆಗಿರೋದು’ ಅನ್ನಿಸುವುದು ಅನೇಕರಲ್ಲಿ ಕಾಯಿಲೆಯದೇ ಒಂದು ಭಾಗ. ಅಂಥವನು ಬರಲಿಲ್ಲವೆಂದರೆ ಅದು ಅವನ ಆಯ್ಕೆಯೋ ಕಾಯಿಲೆಯ ಲಕ್ಷಣವೋ ಎಂದು ಯಾರಾದರೂ ಹೋಗಿ ನೋಡಬೇಕು. ನೋಡದೆ ಅವನ ಸ್ವಾತಂತ್ರ್ಯವನ್ನು ಗೌರವಿಸಿದೆವು ಎನ್ನುವುದು ಬಲು ಸುಲಭ, ಖರ್ಚೂ ಇಲ್ಲ. ದೀರ್ಘಕಾಲ ಕೆಲಸ ಮಾಡುವ ಇಂಜೆಕ್ಷನ್ ನಾಟಿಂಗ್‌ಹ್ಯಾಮ್‌ನ ಆ ಯುವಕನಿಗೆ ಕೊಡದಿರಲು ಸೂಜಿ ಇಷ್ಟವಿಲ್ಲವೆಂದು ಅವನು ಹೇಳಿದ್ದೂ ಒಂದು ಕಾರಣವೆಂದು ಅವನ ಚಿಕಿತ್ಸೆಯ ಬಗ್ಗೆ ನಡೆದ ಸ್ವತಂತ್ರ ತನಿಖೆಯ ವರದಿ ಹೇಳಿತು. ಆ ವರದಿಯ ಸಾರಾಂಶವನ್ನಷ್ಟೇ ಹೊರಡಿಸುವ ಯೋಚನೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಇಂಗ್ಲೆಂಡಿಗಿತ್ತು. ಸತ್ತವರ ಮನೆಯವರು ಪಟ್ಟು ಹಿಡಿದ ಮೇಲೆ 2025ರ ಫೆಬ್ರವರಿಯಲ್ಲಿ ಪೂರ್ತಿ ಪ್ರಕಟಿಸಿದರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸ್ಕಿಜೋಫ್ರೇನಿಯಾ ಇರುವ ಬಹುಪಾಲು ಜನ ಯಾರಿಗೂ ಕೈ ಎತ್ತುವವರಲ್ಲ. ಪೆಟ್ಟು ತಿನ್ನುವವರೇ ಹೆಚ್ಚು. ಇಂಥ ಘಟನೆ ನಡೆದಾಗ ಪತ್ರಿಕೆಗಳು ಕಟ್ಟಿಕೊಡುವ ಚಿತ್ರದಿಂದ ಬಾಡಿಗೆ ಮನೆಯನ್ನೂ ಸಂಬಂಧಗಳನ್ನೂ ಕಳೆದುಕೊಳ್ಳುವವರು ಅವರೇ. ಭಯ ಆಸ್ಪತ್ರೆಯೊಳಗೂ ಹೊಗುತ್ತದೆ. ಪ್ರತಿ ತನಿಖೆಯ ನಂತರ ಒಂದು ಹೊಸ ನಮೂನೆ ಹುಟ್ಟುತ್ತದೆ, ಅಪಾಯದ ಅಂಕಪಟ್ಟಿ ಉದ್ದವಾಗುತ್ತದೆ. ರೋಗಿಯ ಮನೆ ಬಾಗಿಲು ತಟ್ಟಬೇಕಾದ ನರ್ಸ್ ಕಂಪ್ಯೂಟರಿನ ಮುಂದೆ ಕೂರುತ್ತಾಳೆ.

ನಾಟಿಂಗ್‌ಹ್ಯಾಮ್ ನಂತರ, ಇಂಥ ರೋಗಿಗಳು ಬರಲಿಲ್ಲವೆಂಬುದನ್ನೇ ನೆಪ ಮಾಡಿ ಪಟ್ಟಿಯಿಂದ ತೆಗೆಯಕೂಡದು ಎಂಬ ಸೂಚನೆ ಹೊರಟಿತು. ಒಳ್ಳೆಯದೇ. ಆದರೆ ಮನೆ ಮನೆಗೆ ಹೋಗಿ, ಬೈಸಿಕೊಂಡು, ಮತ್ತೆ ಹೋಗುವ ಪ್ರತ್ಯೇಕ ತಂಡಗಳು ಇಂಗ್ಲೆಂಡಿನಲ್ಲಿ 2000ದ ಆಸುಪಾಸಿನಲ್ಲೇ ಹುಟ್ಟಿಕೊಂಡಿದ್ದವು. ಆಮೇಲೆ ಎಷ್ಟೋ ಕಡೆ ಅವನ್ನು ಸಾಮಾನ್ಯ ತಂಡಗಳೊಳಗೆ ಕರಗಿಸಿಬಿಟ್ಟರು. ಇದ್ದದ್ದನ್ನು ಕಳೆದು, ಮೂರು ಹೆಣ ಬಿದ್ದ ಮೇಲೆ ಅದನ್ನೇ ಶಿಫಾರಸು ಮಾಡುವುದು ನಮಗೂ ಹೊಸದಲ್ಲ.

ನಮ್ಮ ದುರಂತದ ರೂಪ ಬೇರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯಗಳಲ್ಲೊಂದಕ್ಕೆ ಬೆಂಕಿ ಬಿತ್ತು. ಸರಪಳಿ ಬಿಗಿದಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು, ಆ ಆಶ್ರಯಗಳನ್ನು ಮುಚ್ಚಿಸಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ಯಾವ ರೂಪದಲ್ಲೂ ಬಳಸಕೂಡದೆಂದಿತು. ಆದರೆ ಅಲ್ಲಿ ಸತ್ತವರ ಮನೆಯವರು ಮಗನನ್ನೋ ತಂಗಿಯನ್ನೋ ಅಲ್ಲಿವರೆಗೆ ಏಕೆ ಕರೆದುಕೊಂಡು ಹೋದರು? ಹತ್ತಿರದಲ್ಲಿ ಕೇಳುವವರು ಯಾರೂ ಇರಲಿಲ್ಲ. ಏರ್ವಾಡಿಯಲ್ಲಿ ಕಟ್ಟಿಹಾಕಿ ಮರೆತರು, ನಾಟಿಂಗ್‌ಹ್ಯಾಮ್‌ನಲ್ಲಿ ಬಿಟ್ಟು ಮರೆತರು. ನನಗೆ ಎರಡೂ ಒಂದೇ ತಪ್ಪಿನಂತೆ ಕಾಣುತ್ತದೆ.

ಹೇಗೆ ಮಾಡಬಹುದೆಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದಲೇ ಚಿಕಿತ್ಸೆ ಕೊಡಿಸಿ ತೋರಿಸಿದರು. ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಡೆದ ಕೆಲಸ ಇನ್ನೂ ಸರಳ: ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ ಪಟ್ಟಿ ಮಾಡು, ಹೇಳಿದ ದಿನ ಬಾರದಿದ್ದರೆ ಸಮಾಜ ಕಾರ್ಯಕರ್ತರು ಫೋನ್ ಮಾಡಲಿ, ಮನೆಗೆ ಹೋಗಲಿ. ಮಲೆನಾಡಿನಲ್ಲಿ ಮನೆಗೆ ಹೋಗುವುದೆಂದರೆ ಬಸ್ಸಿಳಿದು ಮಳೆಯಲ್ಲಿ ಅಡಿಕೆ ತೋಟ ದಾಟಿ ಹೋಗುವುದು.

ಆದರೆ ಸರ್ಕಾರದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಯುವ ಮಂಗಳವಾರ ಕರ್ನಾಟಕದ ಯಾವುದೇ ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನೋಡಿ. ಒಬ್ಬ ತಾಯಿ ಪ್ಲಾಸ್ಟಿಕ್ ಕವರಿನಿಂದ ಮಡಚಿದ ಹಳೆಯ ಚೀಟಿ ತೆಗೆದು ಒಬ್ಬಳೇ ಒಳಗೆ ಹೋಗುತ್ತಾಳೆ. ‘ಅವ್ನು ಬರಲ್ಲ ಅಂತಾನೆ ಸಾರ್, ಮಾತ್ರೆ ಮಾತ್ರ ಕೊಡಿ.’ ‘ನೋಡ್ದೆ ಹೆಂಗೆ ಕೊಡೋದಮ್ಮ, ಕರ್ಕೊಂಡ್ ಬನ್ನಿ.’ ಇಬ್ಬರ ಮಾತೂ ಸರಿಯೇ. ಹೊರಗೆ ಇನ್ನೂ ಅರವತ್ತು ಜನ ಕೂತಿರುವಾಗ ವೈದ್ಯರಾದರೂ ಇನ್ನೇನು ಹೇಳಿಯಾರು? ರಾತ್ರಿ ನಿದ್ದೆ ಮಾಡುತ್ತಿಲ್ಲ, ಕಿಟಕಿಗೆ ಪೇಪರ್ ಅಂಟಿಸಿದ್ದಾನೆ, ತಂಗಿಯ ಮೇಲೆ ಅನುಮಾನ ಪಡುತ್ತಿದ್ದಾನೆ ಎಂದು ಆಕೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಹೆಸರು ಕೂಗಿಯಾಗಿರುತ್ತದೆ. ರೋಗಿಯ ಗುಟ್ಟನ್ನು ಮನೆಯವರಿಗೆ ಹೇಳಬಾರದು, ನಿಜ. ಮನೆಯವರು ಹೇಳುವುದನ್ನು ಕೇಳಬಾರದೆಂದು ಯಾವ ಕಾನೂನೂ ಹೇಳಿಲ್ಲ.

ಆಸ್ಪತ್ರೆಯಿಂದ ಹೊರಗಿರುವವನಿಗೆ ಔಷಧಿ ತೆಗೆದುಕೊಳ್ಳಲೇಬೇಕೆಂದು ಕಟ್ಟಪ್ಪಣೆ ಮಾಡುವ ವ್ಯವಸ್ಥೆ ಇಂಗ್ಲೆಂಡಿನ ಕಾನೂನಿನಲ್ಲುಂಟು. ನಮ್ಮ ಕಾಯ್ದೆಯಲ್ಲಿ ಇಲ್ಲ. ಇರಬೇಕೆಂದು ನಾನು ವಾದಿಸುವುದೂ ಇಲ್ಲ. ಆ ಅಧಿಕಾರವಿದ್ದೂ ನಾಟಿಂಗ್‌ಹ್ಯಾಮ್ ನಡೆಯಿತಲ್ಲ. ನಮಗುಳಿದದ್ದು ಮಾತು, ಫೋನು, ನಡೆದು ಹೋಗುವ ಕಾಲು. ಹಾಗಾಗಿ ಇನ್ನೊಂದು ದುರಂತವಾಗಿ ಇನ್ನೊಂದು ವರದಿ ಬಂದಾಗ ನಾನು ಮೊದಲು ಹುಡುಕುವುದು ಶಿಫಾರಸುಗಳ ಪುಟವನ್ನಲ್ಲ. ಆ ಜಿಲ್ಲೆಯಲ್ಲಿ ಮನೆಗೆ ಹೋಗಬೇಕಾದವರ ಹುದ್ದೆ ಎಷ್ಟು, ಅದರಲ್ಲಿ ಭರ್ತಿಯಾದದ್ದು ಎಷ್ಟು, ಅವರ ಓಡಾಟದ ಭತ್ಯೆ ಎಷ್ಟು ತಿಂಗಳಿಂದ ಬಾಕಿ ಎಂಬುದನ್ನು.