ಮೆಚ್ಚಿದ ಚಾನೆಲ್ ಮುಗ್ಗರಿಸಿದಾಗ



ಮಡಂತ್ಯಾರಿನ ಪೇಟೆಯಲ್ಲಾಗಲಿ, ಒಳಗಿನ ಅಡಿಕೆ ತೋಟಗಳ ನಡುವಿನ ಮನೆಗಳಲ್ಲಾಗಲಿ, ಮಕ್ಕಳು ಮೆಚ್ಚಿಕೊಂಡ ಒಂದು ಯೂಟ್ಯೂಬ್ ಚಾನೆಲ್ ಇಲ್ಲದ ಮನೆ ಇಂದು ಸಿಗುವುದು ಕಷ್ಟ. ತಂದೆ ಗಲ್ಫಿನಲ್ಲಿ, ತಾಯಿ ಮನೆ ತೋಟಗಳ ದುಡಿಮೆಯಲ್ಲಿ. ಕಾಲೇಜಿಗೆ ಹೋಗುವ ಮಗ ಬಸ್ಸು ಹತ್ತಿದೊಡನೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾನೆ. ವ್ಯಾಯಾಮ ಹೇಗೆ ಮಾಡಬೇಕು, ಸಂದರ್ಶನದಲ್ಲಿ ಹೇಗೆ ಮಾತನಾಡಬೇಕು, ಸೋತಾಗ ಹೇಗೆ ಎದ್ದು ನಿಲ್ಲಬೇಕು ಎಂದು ಅಲ್ಲಿ ಒಬ್ಬರು ಹೇಳಿಕೊಡುತ್ತಾರೆ. ವರ್ಷಗಟ್ಟಲೆ ಕೇಳಿದ ಆ ದನಿ ಅವನಿಗೆ ಅಣ್ಣನ ದನಿಯಷ್ಟೇ ಆಪ್ತವಾಗುತ್ತದೆ. ಆ ದನಿಯೇ ಒಂದು ದಿನ ಕಿವಿಯಿಂದ ಕೇಳಬಾರದ ಮಾತನ್ನು ಆಡಿದರೆ ಅವನಿಗೆ ಏನಾಗಬೇಡ?

2025ರ ಫೆಬ್ರವರಿಯಲ್ಲಿ ನಮ್ಮ ದೇಶದ ಅನೇಕ ಯುವಜನರಿಗೆ ಹೀಗೆಯೇ ಆಯಿತು. ‘ಬಿಯರ್‌ಬೈಸೆಪ್ಸ್’ ಎಂಬ ಚಾನೆಲಿನ ರಣವೀರ್ ಅಲ್ಲಾಬಾದಿಯಾ ವ್ಯಾಯಾಮ, ಆರೋಗ್ಯದ ವಿಷಯಗಳಿಂದ ಆರಂಭಿಸಿ, ಕ್ರಮೇಣ ಮಂತ್ರಿಗಳು, ಕ್ರೀಡಾಪಟುಗಳು, ಅಧ್ಯಾತ್ಮದ ಬಗ್ಗೆ ಮಾತನಾಡುವವರೊಂದಿಗೆ ದೀರ್ಘ ಸಂಭಾಷಣೆ ನಡೆಸಿ ಹೆಸರಾದವರು. 2024ರ ಮಾರ್ಚ್‌ನಲ್ಲಿ ಪ್ರಧಾನಿಯವರ ಕೈಯಿಂದ ರಾಷ್ಟ್ರೀಯ ಪ್ರಶಸ್ತಿಯನ್ನೂ ಪಡೆದರು. ವರ್ಷ ತುಂಬುವ ಮೊದಲೇ ಅವರು, ಒರಟು ತಮಾಷೆಗೆ ಹೆಸರಾದ ‘ಇಂಡಿಯಾಸ್ ಗಾಟ್ ಲೇಟೆಂಟ್’ ಎಂಬ ಕಾರ್ಯಕ್ರಮದಲ್ಲಿ ತಂದೆತಾಯಿಯ ದಾಂಪತ್ಯದ ಗುಟ್ಟನ್ನೇ ನಗೆಯ ಸರಕಾಗಿಸಿ ಪ್ರಶ್ನೆ ಕೇಳಿದರು. ಆ ಮಾತನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ದೇಶದ ಹಲವೆಡೆ ದೂರುಗಳು ದಾಖಲಾದವು. ಅವರು ಕ್ಷಮೆ ಕೇಳಿದರು. ಕಾರ್ಯಕ್ರಮ ನಡೆಸುತ್ತಿದ್ದ ಸಮಯ್ ರೈನಾ ಅದರ ಎಲ್ಲ ಕಂತುಗಳನ್ನೂ ತೆಗೆದುಹಾಕಿದರು. ಸುಪ್ರೀಂ ಕೋರ್ಟು ಫೆಬ್ರವರಿ 18ರಂದು ಬಂಧನದಿಂದ ರಕ್ಷಣೆ ನೀಡಿತಾದರೂ ಆ ಮಾತನ್ನು ಕಟುವಾಗಿ ಖಂಡಿಸಿತು. ಮಾರ್ಚ್ 3ರಂದು, ಎಲ್ಲ ವಯಸ್ಸಿನವರೂ ನೋಡಬಹುದಾದ ಸಭ್ಯತೆ ಇರಬೇಕೆಂಬ ಷರತ್ತಿನ ಮೇಲೆ, ಅವರ ಸ್ವಂತ ಕಾರ್ಯಕ್ರಮವನ್ನು ಮುಂದುವರಿಸಲು ಅನುಮತಿ ಕೊಟ್ಟಿತು.

ನ್ಯಾಯಾಲಯದ ಕೆಲಸ ನ್ಯಾಯಾಲಯ ಮಾಡುತ್ತದೆ. ಆದರೆ ಆ ಚಾನೆಲನ್ನು ನಂಬಿದ್ದ ಹುಡುಗನ ಮನಸ್ಸಿನ ಗಾಯಕ್ಕೆ ಅಲ್ಲಿ ಮದ್ದಿಲ್ಲ. ಅದು ಮನೆಯ ಕೆಲಸ. ಆಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? “ನಾನು ಆಗಲೇ ಹೇಳಿರಲಿಲ್ಲವಾ? ಆ ಮೊಬೈಲನ್ನು ಒಲೆಗೆ ಹಾಕು” ಎನ್ನುತ್ತೇವೆ. ಮಗ ಬಾಯಿ ಮುಚ್ಚಿಕೊಳ್ಳುತ್ತಾನೆ. ಅವನ ನೋವು ಒಳಗೇ ಉಳಿಯುತ್ತದೆ. ಒಂದು ವಾರ ಕಳೆದು ಇನ್ನೊಂದು ಚಾನೆಲ್ ಆ ಜಾಗಕ್ಕೆ ಬಂದು ಕೂರುತ್ತದೆ.

ಸಂತ ಲೂಕರ ಶುಭಸಂದೇಶದ ಕೊನೆಯ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಇಬ್ಬರು ಶಿಷ್ಯರು ಮುಖ ಬಾಡಿಸಿಕೊಂಡು ಜೆರುಸಲೇಮಿನಿಂದ ಎಮ್ಮಾವು ಊರಿನ ಕಡೆ ನಡೆದಿದ್ದಾರೆ. ತಾವು ಇಟ್ಟ ನಿರೀಕ್ಷೆಯೆಲ್ಲ ಮಣ್ಣಾಯಿತೆಂಬ ಕೊರಗು ಅವರದು. ಅವರ ನಿರಾಶೆಗೂ ನಮ್ಮ ಹುಡುಗನ ನಿರಾಶೆಗೂ ದೊಡ್ಡ ಅಂತರವಿದೆ: ಅವರು ನಂಬಿದ್ದ ಪ್ರಭು ಅವರಿಗೆ ಮೋಸ ಮಾಡಿರಲಿಲ್ಲ. ಆದರೆ ಮನಸ್ಸು ಮುರಿದವರೊಡನೆ ಪ್ರಭು ಹೇಗೆ ನಡೆದುಕೊಂಡರೆಂಬುದನ್ನು ಗಮನಿಸಿ. ಮೊದಲು ಜೊತೆಗೆ ಹೆಜ್ಜೆ ಹಾಕಿದರು. ಎಲ್ಲವೂ ಗೊತ್ತಿದ್ದೂ ಏನಾಯಿತೆಂದು ಕೇಳಿದರು. ಅವರು ಹೇಳಿ ಮುಗಿಸುವವರೆಗೆ ಕೇಳಿಸಿಕೊಂಡರು. ಆಮೇಲೆಯೇ ಗದರಿದರು, ವಿವರಿಸಿದರು. ಸಂಜೆಯಾದಾಗ ಅವರೊಡನೆ ಉಳಿದು ಊಟಕ್ಕೆ ಕುಳಿತರು. ತಂದೆತಾಯಿಯರೇ, ನಾವು ಗದರುವುದರಿಂದ ಆರಂಭಿಸುತ್ತೇವೆ, ಅಲ್ಲಿಗೇ ಮುಗಿಸುತ್ತೇವೆ. ಪ್ರಭು ಹಿಡಿದ ಕ್ರಮವನ್ನು ನಾವೂ ಹಿಡಿಯೋಣ. “ಆ ಚಾನೆಲಿನಲ್ಲಿ ನಿನಗೆ ಏನು ಇಷ್ಟವಾಗಿತ್ತು ಮಗಾ?” ಎಂದು ಒಮ್ಮೆ ಕೇಳಿ ನೋಡಿ. ಆ ಉತ್ತರದಲ್ಲಿ, ಮನೆಯಲ್ಲಿ ಅವನಿಗೆ ಯಾವುದು ಸಿಗುತ್ತಿಲ್ಲವೆಂಬುದೂ ತಿಳಿದೀತು.

ಯುವಜನರೇ, ನಿಮಗೂ ಎರಡು ಮಾತು. ಅಲ್ಲಿ ಕಲಿತ ಒಳ್ಳೆಯದು ಸುಳ್ಳಾಗಲಿಲ್ಲ. ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಬಂದಿದ್ದರೆ ಅದನ್ನು ಬಿಡಬೇಡಿ. ಆದರೆ ಆ ದನಿಗೆ ನಿಮ್ಮ ಹೆಸರು ಗೊತ್ತಿರಲಿಲ್ಲ. ನಿಮಗೆ ಜ್ವರ ಬಂದಾಗ ಗಂಜಿ ಮಾಡಿಕೊಟ್ಟ ಕೈ ಅದರದ್ದಲ್ಲ. ಚಾನೆಲಿಗೆ ಬೇಕಾದದ್ದು ನಿಮ್ಮ ಸಮಯ. ಜನ ಎಷ್ಟು ಹೊತ್ತು ನೋಡಿದರೆಂಬುದಕ್ಕೆ ಯೂಟ್ಯೂಬ್ 2012ರಿಂದ ಹೆಚ್ಚು ಬೆಲೆ ಕೊಡುತ್ತಾ ಬಂದಿದೆ. ನೋಟ ಹೆಚ್ಚಿದಂತೆ ಜಾಹೀರಾತಿನ ಹಣವೂ ಹೆಚ್ಚುತ್ತದೆ. ನಿನ್ನೆಯ ತಮಾಷೆಗೆ ನಾವು ನಕ್ಕರೆ, ನಾಳೆಯದು ಇನ್ನಷ್ಟು ಖಾರವಾಗಬೇಕಾಗುತ್ತದೆ. ಹೀಗೆ ಹೊಲಸಾಗುವ ಹಾದಿಯಲ್ಲಿ ನಮ್ಮ ನಗೆಯ ಪಾಲೂ ಇದೆ. ಸಂತ ಅಗಸ್ಟೀನರು ತಮ್ಮ ಗೆಳೆಯ ಅಲಿಪಿಯುಸನ ಬಗ್ಗೆ ಬರೆದಿದ್ದಾರೆ. ರೋಮಿನಲ್ಲಿ ಗೆಳೆಯರು ಅವನನ್ನು ಮನುಷ್ಯರ ಕಾದಾಟದ ಆಟಕ್ಕೆ ಎಳೆದೊಯ್ದರು. ನೋಡುವುದೇ ಇಲ್ಲವೆಂದು ಅವನು ಕಣ್ಣು ಮುಚ್ಚಿ ಕುಳಿತ. ಜನರ ಬೊಬ್ಬೆ ಕೇಳಿದಾಗ ಕಣ್ಣು ತಾನಾಗಿ ತೆರೆಯಿತು. ಮುಂದೆ ಅವನೇ ಇತರರನ್ನು ಕರೆದೊಯ್ಯುವವನಾದ. ಗುಂಪು ನಗುವಾಗ ಒಬ್ಬನೇ ನಗದೆ ಕೂರುವುದು ಅಷ್ಟು ಕಷ್ಟ.

ಗುಂಪಿನ ನಗೆಯಷ್ಟೇ ಗುಂಪಿನ ಕೋಪವೂ ಅಪಾಯಕಾರಿ. ಆ ಗಲಾಟೆಯ ನಡುವೆ ತನಗೂ ಕುಟುಂಬಕ್ಕೂ ಕೊಲೆ ಬೆದರಿಕೆ ಬರುತ್ತಿದೆ, ತಾಯಿಯ ದವಾಖಾನೆಗೆ ಜನ ರೋಗಿಗಳ ಸೋಗಿನಲ್ಲಿ ನುಗ್ಗಿದ್ದಾರೆ ಎಂದು ರಣವೀರ್ ಬರೆದುಕೊಂಡರು. ತಂದೆತಾಯಿಯ ಗೌರವ ಉಳಿಸುವ ಹೆಸರಿನಲ್ಲಿ ಒಬ್ಬ ತಾಯಿಯನ್ನೇ ಹೆದರಿಸುವುದೇ? ಅವರನ್ನು ಗೌರವಿಸಬೇಕೆಂಬ ನಾಲ್ಕನೆಯ ಆಜ್ಞೆಯನ್ನು ದೇವರು ಕೊಟ್ಟದ್ದು ಇದಕ್ಕಾಗಿ ಅಲ್ಲ. ತಪ್ಪನ್ನು ತಪ್ಪೆಂದು ಹೇಳೋಣ, ಅಂಥದನ್ನು ನೋಡುವುದನ್ನು ನಿಲ್ಲಿಸೋಣ. ಕ್ಷಮೆ ಕೇಳಿದವನ ಮೇಲೆ ಮೊಬೈಲಿನಲ್ಲಿ ಬೈಗುಳ ಬರೆದು ಕಲ್ಲೆಸೆಯುವ ಗುಂಪಿಗೆ ಸೇರುವುದು ಬೇಡ. ನಿನ್ನೆ ಅವರನ್ನು ದೇವರ ಮಟ್ಟಕ್ಕೆ ಏರಿಸಿದವರೇ ಇಂದು ಸೈತಾನನೆಂದು ಕರೆದರು. ಅವರು ಎರಡೂ ಅಲ್ಲ, ನಮ್ಮಂತೆ ಎಡವುವ ಮನುಷ್ಯರು.

ಈ ವಾರ ಒಂದು ಸಣ್ಣ ಕೆಲಸ ಮಾಡೋಣ. ರಾತ್ರಿ ಜಪಸರದ ಬಳಿಕ ಊಟಕ್ಕೆ ಕೂರುವಾಗ ಮನೆಯವರೆಲ್ಲರ ಮೊಬೈಲುಗಳು ಬೇರೆ ಕೋಣೆಯಲ್ಲಿರಲಿ. ಅಪ್ಪ ಅಮ್ಮನ ಮೊಬೈಲೂ ಸೇರಿ. ತಂದೆ ಪರದೇಶದಲ್ಲಿದ್ದರೆ ಊಟಕ್ಕೆ ಮೊದಲೇ ಕರೆ ಮಾಡಿ, ಮಗನೊಡನೆ ಅಂಕಗಳ ವಿಚಾರ ಬಿಟ್ಟು ಬೇರೆ ಏನಾದರೂ ಮಾತನಾಡಲಿ. ಮಕ್ಕಳು ತಮ್ಮ ಮೆಚ್ಚಿನ ಚಾನೆಲಿನ ಬಗ್ಗೆ ಹೇಳಲಿ, ನಾವು ನಡುವೆ ಬಾಯಿ ಹಾಕದೆ ಕೇಳೋಣ. ಎಮ್ಮಾವಿನ ಆ ಇಬ್ಬರ ಕಣ್ಣು ತೆರೆದದ್ದು ರೊಟ್ಟಿ ಮುರಿಯುವ ಹೊತ್ತಿನಲ್ಲಿ. ನಮ್ಮ ಊಟದ ಮೇಜಿನ ಬಳಿಗೂ ಅದೇ ಪ್ರಭು ಬರಲೆಂದು ಪ್ರಾರ್ಥಿಸೋಣ.